ಎಂಟು ವಿಲ್ಲಾ, ಒಂದು ಡಬ್ಬ ಬ್ಲೀಚಿಂಗ್ ಪುಡಿ

ನನ್ನ ಅಕ್ಕ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹದಿಮೂರು ವರ್ಷ ನೆಲ ಒರೆಸಿದವಳು, ಆಮೇಲೆ ಆರು ವರ್ಷ ಒರೆಸುವವರ ಮೇಲೆ ಕಣ್ಣಿಟ್ಟವಳು. ಅವಳ ಪ್ರಕಾರ ಲೋಕದಲ್ಲಿ ಕೋಣೆಗಳು ಎರಡೇ ಬಗೆ: ಮೂಗು ಉರಿಯುವಂಥವು, ಇನ್ನೂ ತೊಳೆಯಬೇಕಾದಂಥವು. ಅವಳ ಮನೆಗೆ ಊಟಕ್ಕೆ ಹೋದರೆ ತಟ್ಟೆ ಬರುವ ಮೊದಲು ಕೈ ಪರೀಕ್ಷೆಯಾಗುತ್ತದೆ. ನನಗೀಗ ನಲವತ್ತೊಂಬತ್ತು. ಹೋದ ವಾರವೂ ಉಗುರು ತೋರಿಸಿಯೇ ಕೂತೆ.

ಇಂಥವಳಿಗೆ ಗಂಟುಬಿದ್ದ ಭಾವ ಕೊಳಕು ನೀರಿನ ಭಕ್ತ. ನೀರು ಸರಬರಾಜು ಕಚೇರಿಯಲ್ಲಿ ಪ್ಲಂಬರ್ ಆಗಿದ್ದವರು. ಚರಂಡಿ ದಾಟುವಾಗ ನಾವೆಲ್ಲ ಮೂಗು ಮುಚ್ಚಿಕೊಂಡು ಓಡಿದರೆ ಅವರು ನಿಂತು, ತಲೆ ಓರೆ ಮಾಡಿ, ಸಂಗೀತ ಕಚೇರಿ ಕೇಳುವವರಂತೆ ನೋಡುತ್ತಾರೆ. ಇಬ್ಬರೂ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದು ಹೇಗೆ ಎಂದು ನೆಂಟರೆಲ್ಲ ಕೇಳುತ್ತಾರೆ. ಮನೆಯೊಳಗೆ ಅಕ್ಕನ ಆಳ್ವಿಕೆ, ಹಿತ್ತಲಲ್ಲಿ ಭಾವನದು. ಗಡಿಯಲ್ಲಿ ಒಂದು ಕಾಲೊರಸು.

ದೋಣಿಯಲ್ಲಿ ನಲವತ್ತು ನಿಮಿಷ ದೂರದ ದ್ವೀಪದಲ್ಲಿ ಒಬ್ಬ ಯಜಮಾನಿ ಎಂಟು ವಿಲ್ಲಾಗಳ ತಂಗುದಾಣ ಕಟ್ಟಲು ಹೊರಟಾಗ ಭಾವನ ಅದೃಷ್ಟ ತೆರೆಯಿತು. ಅಲ್ಲಿ ಬಿಸಿಲಿನಿಂದ ಕರೆಂಟು, ಮಳೆಯಿಂದ ನೀರು, ಏಸಿಯ ಜಾಗದಲ್ಲಿ ಗಾಳಿ. ಗೋಡೆಗೆ ಸುಣ್ಣ, ಮಂಚಕ್ಕೆ ಬಿದಿರು, ಸ್ನಾನ ಬಯಲಲ್ಲಿ, ಮೇಲೆ ನೀಲಿ ಆಕಾಶ. ಬಳಸಿದ ನೀರು ಎಲ್ಲಿಗೆ ಹೋಗಬೇಕು ಎಂಬಲ್ಲಿ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಭಾವ ಕಚೇರಿಯ ಕೆಲಸ ಬಿಟ್ಟು ಹೋಗಿ ಕಲ್ಲುಚೂರು ತುಂಬಿದ ಉದ್ದನೆಯ ಪಾತಿ ಮಾಡಿಸಿದರು. ಅದರಲ್ಲಿ ಜೊಂಡು, ಹೂಬಾಳೆ ನೆಟ್ಟರು. ಬೇರಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕೂತು ಬಚ್ಚಲ ನೀರಿನ ಕೊಳೆಯನ್ನು ತಿಂದು ಮುಗಿಸುತ್ತವೆ, ಆ ತುದಿಯಲ್ಲಿ ತಿಳಿನೀರು ಬರುತ್ತದೆ ಎಂಬುದು ಅವರ ವಾದ. ಯಜಮಾನಿ ಒಪ್ಪಿದರು, ಷರತ್ತಿನ ಮೇಲೆ. ಪರಿಸರ ಇಲಾಖೆಯ ಅಧಿಕಾರಿ ಬಂದು ನೀರು ನೋಡಿ ಸೈ ಅಂದರೆ ತಂಗುದಾಣ ತೆರೆಯುತ್ತದೆ. ಇಲ್ಲವಾದರೆ ಪಾತಿ ಅಗೆದು ಸಿಮೆಂಟಿನ ರೆಡಿಮೇಡ್ ಟ್ಯಾಂಕು ಇಡುವುದು, ಭಾವ ಮನೆಗೆ ಹೋಗುವುದು.

ಅಕ್ಕನಿಗೆ ಅಲ್ಲೇ ಕೋಣೆಗಳ ಉಸ್ತುವಾರಿ ಸಿಕ್ಕಿತು. ಅವರಿಬ್ಬರ ಬಾಲ ಹಿಡಿದು ನನಗೆ ಮ್ಯಾನೇಜರ್ ಹುದ್ದೆ. ಹೆಸರು ದೊಡ್ಡದು, ಕೆಲಸ ಜೆಟ್ಟಿಯಿಂದ ಸಾಮಾನು ಹೊರುವುದು.

ಜೀವಿಗಳು ಬದುಕಬೇಕಾದರೆ ಮೇವು ಬೇಕು, ಅಂದರೆ ಬಚ್ಚಲ ನೀರು. ಅತಿಥಿಗಳು ಇನ್ನೂ ಬಂದಿರಲಿಲ್ಲ. ಆದ್ದರಿಂದ ತೆರೆಯುವ ಮುಂಚಿನ ತಿಂಗಳು ಕೆಲಸದವರೆಲ್ಲ ವಿಲ್ಲಾಗಳಲ್ಲೇ ಇದ್ದು ಸ್ನಾನಪಾನ ಮುಗಿಸಬೇಕು ಎಂದು ಭಾವ ಅಪ್ಪಣೆ ಹೊರಡಿಸಿದರು. ದೋಣಿಯವನು, ತೋಟದವನು, ಅಡುಗೆಯ ಹೆಂಗಸರು, ನಾನು, ಎಲ್ಲರೂ ಶ್ರೀಮಂತರಂತೆ ಆಕಾಶ ನೋಡುತ್ತ ಮಿಂದೆವು. ತೋಟದವನು ದಿನಕ್ಕೆ ಮೂರು ಸಲ ಮೀಯತೊಡಗಿದ. ಅವನ ಹೆಂಡತಿ ಇದನ್ನು ಕೇಳಿ, ಮನೆಯಲ್ಲಿ ವಾರಕ್ಕೊಂದು ಸಲ ಅಟ್ಟಾಡಿಸಬೇಕಾಗಿದ್ದ ಮನುಷ್ಯ ಇವನೇನಾ ಎಂದು ಫೋನು ಮಾಡಿ ವಿಚಾರಿಸಿದಳು.

ಭಾವ ಒಂದು ಉದ್ದ ಗಾಜಿನ ಜಾಡಿಯ ತಳಕ್ಕೆ ಕಪ್ಪು ಟೇಪಿನ ಗುಣಾಕಾರ ಚಿಹ್ನೆ ಅಂಟಿಸಿ, ಪಾತಿಯ ಕೊನೆಯ ನೀರನ್ನು ಅದರಲ್ಲಿ ತುಂಬಿ ಬೆಳಿಗ್ಗೆ ಬೆಳಿಗ್ಗೆ ಮೇಲಿನಿಂದ ಇಣುಕುತ್ತಿದ್ದರು. ಮೊದಲು ಏನೂ ಕಾಣುತ್ತಿರಲಿಲ್ಲ. ಹದಿನೆಂಟನೆಯ ದಿನ ಚಿಹ್ನೆ ಸ್ಪಷ್ಟವಾಗಿ ಕಂಡಿತು. ಭಾವ ನನ್ನನ್ನು ಹಾಸಿಗೆಯಿಂದ ಎಳೆದು ತಂದು ಜಾಡಿಗೆ ಮುಖ ಒತ್ತಿದರು. ಅಷ್ಟು ಹತ್ತಿರದಿಂದ ನಾನು ಮದುವೆಯ ಹೆಣ್ಣನ್ನೂ ನೋಡಿರಲಿಲ್ಲ.

ಅಧಿಕಾರಿ ಬರಲು ಹನ್ನೆರಡು ದಿನ ಇತ್ತು. ಅಕ್ಕ ಎಂಟೂ ವಿಲ್ಲಾಗಳ ಬಚ್ಚಲು ನೋಡಿ ಹೌಹಾರಿದಳು. ತೋಟದವನು ಮೂರು ಸಲ ಮಿಂದ ಕೋಣೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ತಂಗುದಾಣದಲ್ಲಿ ನೆಲ ತೊಳೆಯಲು ಕೊಡುತ್ತಿದ್ದ ನಿಂಬೆಸಿಪ್ಪೆಯ ಸಾಬೂನನ್ನು ಅವಳು ಶರಬತ್ತು ಎಂದು ಕರೆಯುತ್ತಿದ್ದಳು. ಅವತ್ತು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಬ್ಬಳೇ ತೊಳೆದಳು.

ಮರುದಿನ ಜಾಡಿಯಲ್ಲಿ ಚಿಹ್ನೆ ಮಸುಕಾಯಿತು. ಅದರ ಮರುದಿನ ಕಾಣಲೇ ಇಲ್ಲ. ಪಾತಿಯಿಂದ ಬಂದ ವಾಸನೆಗೆ ದೋಣಿಯವನೇ ದೋಣಿ ಹಿಂದಕ್ಕೆ ತಿರುಗಿಸಿದ. ಭಾವ ಮಂಡಿಯೂರಿ, ಪೈಪಿನ ಬಾಯಿಂದ ಬಾಯಿಗೆ ಮೂಸುತ್ತ ಹೋದರು. ಆರನೆಯ ವಿಲ್ಲಾದ ಹತ್ತಿರ ತಲೆಯೆತ್ತಿದಾಗ ಅವರ ಮುಖ ಬಿಳಿಚಿತ್ತು. ಎಲ್ಲರನ್ನೂ ಕರೆದು, ಯಾರು ಏನು ಸುರಿದಿರಿ ಎಂದು ಕೇಳಿದರು. ತೋಟದವನು ತಾನು ಸಾಬೂನು ಕೂಡ ಮುಟ್ಟಿಲ್ಲ ಎಂದು ಆಣೆ ಹಾಕಿದ. ಅದನ್ನು ಎಲ್ಲರೂ ನಂಬಿದರು.

"ನಾನೇ ಕಣ್ರೀ," ಅಂದಳು ಅಕ್ಕ. "ಬ್ಲೀಚಿಂಗ್ ಪುಡಿ. ಮನೆಯಿಂದ ತಂದಿದ್ದೆ."

"ಎಷ್ಟು?"

"ಡಬ್ಬ."

"ಪೂರ್ತಿ?"

"ಅರ್ಧ ಹಾಕಿ ಬಿಡೋಕೆ ನಂಗೆ ಬರಲ್ಲ."

ಭಾವ ಬೈಯಲಿಲ್ಲ. ಕಲ್ಲುಚೂರಿನ ಮೇಲೆ ಕೂತುಬಿಟ್ಟರು. ಕೂತಲ್ಲಿಂದಲೇ, ಕ್ಲೀನಾದರೂ ಆಯಿತಾ ಎಂದು ಕೇಳಿದರು. ಹೊಳೆಯುತ್ತಿದೆ ಎಂದು ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು. ಅವಳು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೊಳೆ ತಿನ್ನುವ ಜೀವಿಗಳನ್ನು ಆ ಪುಡಿ ಕೊಂದಿತ್ತು. ಹತ್ತೊಂಬತ್ತು ವರ್ಷ ಯಾವುದನ್ನು ಸಾಯಿಸಿದ್ದಕ್ಕೆ ಮೆಚ್ಚುಗೆ ಸಿಕ್ಕಿತ್ತೋ ಅಂಥದ್ದನ್ನೇ ಸಾಯಿಸಿದ್ದಕ್ಕೆ ಗಂಡ ನೆಲದ ಮೇಲೆ ಕೂತಿದ್ದ. ಇದನ್ನು ಅರಗಿಸಿಕೊಳ್ಳಲು ಅವಳಿಗೆ ಇಡೀ ಮಧ್ಯಾಹ್ನ ಹಿಡಿಯಿತು.

ಸಂಜೆಯ ದೋಣಿಗೆ ಅವಳು ಸೀರೆ ಎತ್ತಿ ಸಿಕ್ಕಿಸಿ ಹೊರಟು ನಿಂತಳು, ನನ್ನನ್ನೂ ಎಳೆದುಕೊಂಡು. ಊರಿನ ಮನೆಯ ಹಿತ್ತಲಲ್ಲಿ ಭಾವ ಮೊದಲು ಮಾಡಿ ಕಲಿತ ಪುಟ್ಟ ಪಾತಿ ಇತ್ತು, ಅದರ ಜೀವಿಗಳು ಇನ್ನೂ ಬದುಕಿದ್ದವು. ಅಕ್ಕ ಅದನ್ನು ಮುಚ್ಚಿಸಬೇಕೆಂದು ಎಷ್ಟೋ ವರ್ಷ ಜಗಳವಾಡಿದ್ದಳು. ಬೆಳಿಗ್ಗೆ ಅದರಲ್ಲಿ ತಾನೇ ಕೈ ಹಾಕಿ, ಮೊಣಕೈವರೆಗೆ ಕೆಸರಾಗಿ, ಬೇರು ಸಮೇತ ಕಲ್ಲುಚೂರನ್ನು ನಾಲ್ಕು ಬಕೆಟ್ ತುಂಬಿದಳು. ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಉಗುರು ತೋರಿಸು ಅಂದೆ. ಕೆಸರಿನ ಕೈಯಲ್ಲೇ ಬೆನ್ನಿಗೆ ಒಂದು ಬಿತ್ತು.

ವಾಪಸು ದೋಣಿಯಲ್ಲಿ ವಾಸನೆಗೆ ನಮ್ಮ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ, ಹಿಂದಿನ ಬೆಂಚೂ ಖಾಲಿ. ಒಬ್ಬ ಮುದುಕಿ ಮಾತ್ರ ಬಂದು ಬಕೆಟ್ಟಿನಲ್ಲಿ ಏನಿದೆ ಎಂದು ಕೇಳಿದಳು.

"ಜೀವ ಇದೆ ಅಜ್ಜಿ, ಬಿಸಿಲು ತಾಗಬಾರದು," ಎಂದು ಅಕ್ಕ ತನ್ನ ಒಳ್ಳೆಯ ಟವಲನ್ನು ಒದ್ದೆ ಮಾಡಿ ಹೊದಿಸಿದಳು. ಮುದುಕಿ ಮೀನೆಂದುಕೊಂಡು, ದರ ಕೇಳಿ, ಮೂಸಿ ನೋಡಿ ಎದ್ದು ಹೋದಳು.

ಆಮೇಲಿನ ಒಂಬತ್ತು ದಿನ ಹೇಗೆ ಹೋದವೋ ಹೇಳಲಾರೆ. ಪುಡಿಯ ಅಂಶ ಹೋಗುವಷ್ಟು ಮಳೆನೀರು ಹಾಯಿಸಿ, ಹೊಸ ಕಲ್ಲುಚೂರನ್ನು ಪಾತಿಯ ಉದ್ದಕ್ಕೂ ಹೂತೆವು. ಮತ್ತೆ ಮೇವು ಬೇಕಾಯಿತು. ಈಗ ಅಕ್ಕನೇ ವೇಳಾಪಟ್ಟಿ ಹಾಕಿ ಎಲ್ಲರನ್ನೂ ಸ್ನಾನಕ್ಕೆ ಅಟ್ಟಿದಳು. ಯಾರಾದರೂ ಬೇಗ ಹೊರಬಂದರೆ, ಅಷ್ಟರಲ್ಲೇ ಆಯಿತಾ ಎಂದು ವಾಪಸು ಕಳಿಸುತ್ತಿದ್ದಳು. ನನ್ನ ಚರ್ಮ ಒಣದ್ರಾಕ್ಷಿಯಾಯಿತು. ಭಾವ ದಿನದಿನದ ಸ್ಥಿತಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಐದನೆಯ ದಿನ ವಾಸನೆ ಹೋಯಿತು. ಏಳನೆಯ ದಿನ ಜಾಡಿಯ ಚಿಹ್ನೆ ನೆರಳಿನಂತೆ ಕಂಡಿತು. ಒಂಬತ್ತನೆಯ ದಿನ ಅಕ್ಕ ಇಣುಕಿ ನೋಡಿ, ಜಾಡಿಯನ್ನು ಕೆಳಗಿಟ್ಟು, ಭಾವನ ಬೆನ್ನು ತಟ್ಟಿದಳು. ಮರುದಿನವೇ ಅಧಿಕಾರಿ ಬರುವುದಿತ್ತು. ಪುಡಿಯ ವಿಷಯ ಯಾರೂ ಬಾಯಿ ಬಿಡಬಾರದು ಎಂದು ಭಾವ ಎಲ್ಲರಿಗೂ ಹೇಳಿದರು. ನನಗೆ ಎರಡು ಸಲ ಹೇಳಿದರು.

ಅಧಿಕಾರಿ ಗಿಡ್ಡನೆಯ, ನಗದ ಹೆಂಗಸು. ಪೆಟ್ಟಿಗೆಯಿಂದ ಬಾಟಲಿ, ಬಣ್ಣದ ಪಟ್ಟಿ ತೆಗೆದು ಪಾತಿಯ ಎರಡು ತುದಿಯಲ್ಲೂ ನೀರು ತೆಗೆದುಕೊಂಡರು. ನಾವೆಲ್ಲ ಪರೀಕ್ಷೆಯ ಫಲಿತಾಂಶ ನೋಡುವ ಮಕ್ಕಳಂತೆ ಬೇಲಿಗೆ ಆತುಕೊಂಡು ನಿಂತಿದ್ದೆವು. ಪಟ್ಟಿಗಳೆಲ್ಲ ಸರಿಯಾದ ಬಣ್ಣಕ್ಕೇ ತಿರುಗಿದವು. ತೋಟದವನು ನನ್ನ ತೋಳು ಹಿಂಡಿದ, ಇವತ್ತಿಗೂ ನೋಯುತ್ತದೆ. ಕೊನೆಗೆ ಅವರು ಫಾರಂ ತೆಗೆದು, ಈ ತಿಂಗಳಲ್ಲಿ ವ್ಯವಸ್ಥೆ ಯಾವಾಗಲಾದರೂ ಕೆಟ್ಟಿತ್ತೇ ಎಂದು ಕೇಳಿದರು. ಇಲ್ಲ ಎಂದರು ಭಾವ. ಪೆನ್ನು ಕಾಗದದ ಮೇಲೆ ಇಳಿಯಿತು.

"ಕೆಟ್ಟಿತ್ತು ಮೇಡಂ," ಅಂದಳು ಅಕ್ಕ. "ನಾನೇ ಕೆಡಿಸಿದ್ದು. ಇವ್ರು ನನ್ನ ಮಾನ ಉಳಿಸೋಕೆ ಇಲ್ಲ ಅಂತಿದ್ದಾರೆ, ಹಂಗೆ ಬರ್ಕೋಬೇಡಿ."

ಭಾವ ಕಣ್ಣು ಮುಚ್ಚಿದರು. ಅಕ್ಕ ಡಬ್ಬದಿಂದ ಹಿಡಿದು ಬಕೆಟ್ಟಿನವರೆಗೆ ಎಲ್ಲವನ್ನೂ ಹೇಳಿದಳು. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು.

"ಬರೆದಿಟ್ಟಿದ್ದೀರಾ, ದಿನ ದಿನದ್ದು?" ಎಂದರು ಅವರು.

ಭಾವ ಓಡಿದರು. ಆ ದೇಹ ಓಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ತಂದ ನೋಟ್‌ಬುಕ್ಕನ್ನು ಅಧಿಕಾರಿ ನಿಂತಲ್ಲೇ ಓದಿದರು. ಒಂದು ಪುಟಕ್ಕೆ ಹಿಂದೆ ಹೋದರು, ಮತ್ತೆ ಮುಂದೆ ಬಂದರು.

"ನೋಡಿ, ಒಂದಲ್ಲ ಒಂದು ದಿನ ಯಾರಾದರೂ ಅತಿಥಿ ಇದೇ ಕೆಲಸ ಮಾಡ್ತಾರೆ," ಎಂದರು. "ಆಗ ಏನು ಮಾಡ್ತೀರಿ ಅಂತ ಕೇಳಬೇಕು ಅಂತಲೇ ಬಂದಿದ್ದೆ. ಎಲ್ಲ ಕಡೆ ಕೇಳ್ತೀನಿ, ಯಾರ ಹತ್ರಾನೂ ಉತ್ತರ ಇರಲ್ಲ."

ಅವರು ಫಾರಮ್ಮಿನಲ್ಲಿ ಒಂದೂವರೆ ಪುಟ ಬರೆದು ಸಹಿ ಹಾಕಿದರು. ಒಪ್ಪಿಗೆ ಸಿಕ್ಕಿತು, ಜೊತೆಗೊಂದು ಷರತ್ತು. ಬರುವ ಪ್ರತಿ ಅತಿಥಿಗೂ ಬಚ್ಚಲಿಗೆ ಏನು ಸುರಿಯಬಾರದು ಎಂದು ಬಾಯಿಮಾತಿನಲ್ಲೇ ತಿಳಿಸಿ ಹೇಳುವ ಒಬ್ಬರು ಇರಬೇಕು, ಅವರ ಹೆಸರು ಪರವಾನಗಿಯಲ್ಲೇ ಇರಬೇಕು. ಯಾರನ್ನು ಬರೆಯಲಿ ಎಂದು ಕೇಳಿದ್ದಕ್ಕೆ ನಾವು ಹನ್ನೊಂದು ಜನ ಒಟ್ಟಿಗೆ ಅಕ್ಕನತ್ತ ಕೈ ತೋರಿಸಿದೆವು.

ಭಾವ ಅಧಿಕಾರಿಯ ಪೆಟ್ಟಿಗೆ ಹೊತ್ತು ದೋಣಿಯವರೆಗೆ ಹೋಗಿ ಬಂದರು. ಆಮೇಲೆ, ಬಾಯಿ ಮುಚ್ಚಿಕೊಂಡಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತಲ್ಲೇ ಎಂದು ಗೊಣಗಿದರು.

"ಕಾಗದ ಕೊಳೆ ಆಗ್ತಿತ್ತು," ಅಂದಳು ಅಕ್ಕ.

ಅಷ್ಟರಲ್ಲಿ ಯಜಮಾನಿಯ ಫೋನು ಬಂತು. ಭಾವ, ತೋಟದವನು, ನಾನು ಮೂವರೂ ಒಂದೇ ಫೋನಿಗೆ ಒಟ್ಟಿಗೆ ಕೂಗಿದ್ದರಿಂದ ಅವರಿಗೆ ಏನೂ ಅರ್ಥವಾಗಲಿಲ್ಲ. ಅಕ್ಕ ಫೋನು ಕಿತ್ತುಕೊಂಡು, ಶುಕ್ರವಾರಕ್ಕೆ ಎಂಟೂ ವಿಲ್ಲಾ ತಯಾರು, ಬರುವವರಿಗೆ ಮೊದಲ ಅರ್ಧ ಗಂಟೆ ನನ್ನ ಹತ್ತಿರ ಕೂರಬೇಕು ಎಂದು ಈಗಲೇ ತಿಳಿಸಿಬಿಡಿ ಎಂದಳು. ಯಜಮಾನಿ ಏನೋ ಕೇಳಿರಬೇಕು.

"ಅರ್ಧ ಗಂಟೆ ಜಾಸ್ತಿಯಾಗಲ್ಲ ಅಮ್ಮಾ," ಅಂದಳು. "ನಂಗೇ ಹತ್ತೊಂಬತ್ತು ವರ್ಷ ಬೇಕಾಯ್ತು."