ಒಂದು ತೇಗದ ಬಾಗಿಲು, ಒಂದು ಭಾನುವಾರ

ಆ ಭಾನುವಾರ ಬೆಳಗಿನ ಪ್ರಾರ್ಥನೆಗೆ ನನಗೆ ಬಿದ್ದ ಖರ್ಚು ನಲವತ್ತು ರೂಪಾಯಿ. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದ ಕಾಲ, ಸಣ್ಣ ಮೊತ್ತವೇನಲ್ಲ. ಯಾಕೆ ಬಿತ್ತು ಎಂದು ಹೇಳಬೇಕಾದರೆ ಮೊದಲು ನನ್ನ ಕಸುಬಿನ ಗುಟ್ಟು ಬಿಟ್ಟುಕೊಡಬೇಕು.

ಕೆಡವಿದ ಹಳೇ ಮನೆಗಳ ತೇಗದ ಬಾಗಿಲು ಕೊಂಡು ಹೊಸ ಮನೆ ಕಟ್ಟುವವರಿಗೆ ಮಾರುವವನು ನಾನು. ಬಾಗಿಲು ನಿಲ್ಲಿಸಲು ಅವರಿಗೆ ಮುಹೂರ್ತ ಬೇಕು. ಅದಕ್ಕೇ ಮುಹೂರ್ತದ ಬೆಳಗಿನವರೆಗೂ ಬೆಲೆ ತೀರ್ಮಾನಿಸದೆ ಎಳೆಯುತ್ತಿದ್ದೆ. ಪುರೋಹಿತರು ಗಡಿಯಾರ ನೋಡುತ್ತ ಕೂತಿರುವಾಗ ಯಾರು ತಾನೇ ಚೌಕಾಶಿ ಮಾಡುತ್ತಾರೆ?

ಆ ದಿನ ಕತ್ರಿಗುಪ್ಪೆಯ ರಂಗಪ್ಪನವರ ಸರದಿ. ಹೊಲ ಮಾರಿ ಬಾಡಿಗೆ ಮನೆ ಕಟ್ಟಿಸುತ್ತಿದ್ದವರು. ಅವರು ಕೇಳಿದ್ದ ಬೆಲೆಗೂ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆಗೂ ನಲವತ್ತು ರೂಪಾಯಿ ಅಂತರ. ಅದೇ ಹೊತ್ತಿಗೆ ಪಾದ್ರಿಗಳು ರೊಟ್ಟಿ, ದ್ರಾಕ್ಷಾರಸದೊಂದಿಗೆ ನಮ್ಮ ಮನೆಗೆ ಬಂದಿದ್ದರು. ಪಾರ್ಶ್ವವಾಯು ಹೊಡೆದು ಅಮ್ಮನಿಗೆ ಮಾತು ನಿಂತುಹೋಗಿತ್ತು. ಪ್ರಭುಭೋಜನ ಅವಳ ಮಂಚಕ್ಕೇ ಬರಬೇಕು. ಅವಳು ಎಡಗೈಯಲ್ಲಿ ನನ್ನ ಬೆರಳು ಹಿಡಿದುಕೊಂಡಳು.

ಹೊರಗಿನಿಂದ ರಂಗಪ್ಪನವರ ಕೂಗು: "ಸಾಮುವೇಲಪ್ನೋರೇ! ಮುಹೂರ್ತ ಮೀರ್ತದೆ, ಬಂದು ರೇಟು ಹೇಳ್ರೀ!"

"ಪ್ರಾರ್ಥನೆ ಮುಗಿಸ್ಕೊಂಡು ಬರ್ತೀನಿ," ಎಂದೆ ಕಿಟಕಿಯಿಂದ.

"ನಿಮ್ ದೇವ್ರು ಕಾಯ್ತಾನೆ, ನಮ್ ಪುರೋಹಿತ್ರು ಕಾಯಲ್ಲ!"

ನಿಜವೇ. ದೇವರು ಕಾಯುತ್ತಾನೆ ಎನ್ನುವ ಧೈರ್ಯದ ಮೇಲೇ ನನ್ನ ವ್ಯಾಪಾರ ನಡೆದಿದ್ದು. ಆದರೆ ಅಮ್ಮ? ಕೈ ಬಿಡಿಸಿಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ. ಇನ್ನೊಂದು ಕೈಯಿಂದ ಗೋದಾಮಿನ ಬೀಗದಕೈಯನ್ನು ಕಿಟಕಿಯಾಚೆ ಎಸೆದೆ.

"ನೀವು ಹೇಳಿದ್ ರೇಟಿಗೇ ತಗೊಂಡ್ಹೋಗಿ!"

ರಂಗಪ್ಪ ಗಾಬರಿಯಾದರು. "ಯಾಕ್ರೀ? ಗೆದ್ದಲು ಗಿದ್ದಲು ಹಿಡಿದಿದ್ಯಾ?"

ಪಾದ್ರಿಗಳು ಕರ್ತನ ಪ್ರಾರ್ಥನೆ ಶುರು ಮಾಡಿದರು. ನಮ್ಮಿಬ್ಬರ ದನಿಗೆ ಮೂರನೆಯದೊಂದು ಸೇರಿತು. ತಿಂಗಳುಗಳಿಂದ "ನೀರು" ಎನ್ನಲೂ ಆಗದಿದ್ದ ಅಮ್ಮ ಒಂದೊಂದೇ ಪದ ಹೇಳುತ್ತ ಆಮೆನ್‌ವರೆಗೂ ಬಂದಳು. ಪಾದ್ರಿಗಳು ಬಟ್ಟಲನ್ನು ಅವಳ ತುಟಿಗೆ ಹಿಡಿದರು. ಕಿಟಕಿಯಾಚೆ ರಂಗಪ್ಪ ಚಪ್ಪಲಿ ಬಿಟ್ಟು, ಬೀಗದಕೈ ಸಮೇತ ಕೈಮುಗಿದು ನಿಂತಿದ್ದರು.

ಆ ದನಿ ನನಗೆ ಮತ್ತೆ ಕೇಳಸಿಗಲಿಲ್ಲ. ಇಷ್ಟು ವರ್ಷಗಳ ವ್ಯಾಪಾರದಲ್ಲಿ ಇಷ್ಟು ಅಗ್ಗಕ್ಕೆ ನಾನು ಏನನ್ನೂ ಕೊಂಡಿಲ್ಲ.

ಆದ್ದರಿಂದ ಕೇಳಿ. ತುರ್ತಿನ ಕೆಲಸ ಬಂದು ಕೂಗಿದಾಗ ಅದು ಹೇಳಿದ ಬೆಲೆ ಕೊಡಬೇಡಿ. ಆಮೇಲೆ ಬಾ ಅನ್ನಿ. ಬಹಳಷ್ಟು ಸಲ ಇಳಿದು ಬರುತ್ತದೆ. ಕೂಗದೆ ಸುಮ್ಮನೆ ಕೈ ಹಿಡಿದಿರುವುದರೊಂದಿಗೆ ಮಾತ್ರ ಚೌಕಾಶಿ ಬೇಡ. ಇನ್ನು ಭಾನುವಾರದ ಮುಹೂರ್ತಕ್ಕೆ ಬಾಗಿಲು ಬೇಕಾದವರು ಶನಿವಾರವೇ ಬನ್ನಿ. ಬೆಲೆಯೇನೂ ಕಡಿಮೆಯಾಗುವುದಿಲ್ಲ.