ಹೀರ್ಯಾ ಅಂತ ಒತ್ತಿದ್ರ ಹೀರಪ್ಪ

ನಮ್ಮಪ್ಪ ಅರ್ಧ ಎಚ್ಚರ, ಅರ್ಧ ಕನಸು. ಕೋಗಿಲಬನದ ಹತ್ರ ಸಸಿ ತೋಟದಾಗ ಮೂವತ್ತು ವರ್ಷದಿಂದ ಚೀಲಕ್ಕ ಮಣ್ಣ ತುಂಬತಾನ. ಮುಂಜಾನೆ ಕಾಳಿ ಹೊಳಿಯಿಂದ ಮಂಜು ಎದ್ದು ಸಾಗವಾನಿ ಸಸಿಗಳ ಸಾಲನ್ನೆಲ್ಲಾ ಮುಚ್ಚಿಬಿಡತೈತಿ. ಆ ಮಂಜಿನೊಳಗ ಖಾಲಿ ಚೀಲ ಹಿಡಕೊಂಡು ಸುಮ್ಮನ ನಿಂತಿರತಾನ. "ಏನ್ ಮಾಡಾಕತ್ತೀಯಪಾ?" ಅಂದ್ರ, "ಎಲಿ ಬಿಚ್ಚೂ ಸಪ್ಪಳ ಕೇಳಸ್ತೈತೇನು ಅಂತ ನಿಂತೇನಿ" ಅಂತಾನ. ಇವಗ ಏನ್ ಅನ್ನೂದ್ರಿ? ಸಿಟ್ಟೂ ಬರತೈತಿ, ಪ್ರೀತಿನೂ ಬರತೈತಿ.

ಹೆಸರು ಹೀರಪ್ಪ. ಆದ್ರ ತೋಟದಾಗ ಹಂಗ ಯಾರೂ ಕರದವರಲ್ಲ. "ಲೇ ಹೀರ್ಯಾ," ಅಷ್ಟ. ಮೇಸ್ತ್ರಿ ತುಳಸಿರಾಮನ ಹಾಜರಿ ಪುಸ್ತಕದಾಗೂ ಅದ. ಅಪ್ಪಗ ಬ್ಯಾಸರ ಇತ್ತೋ ಇಲ್ಲೋ, ಬಾಯಿ ಬಿಟ್ಟು ಹೇಳಾವಲ್ಲ. ನನಗಂತೂ ಮೈಯೆಲ್ಲಾ ಉರೀತಿತ್ತು.

ಹೋದ ವರ್ಷ ಹಾಜರಿ ಕಂಪ್ಯೂಟರಿಗೆ ಬಂತು. ಹಳಿಯಾಳದಾಗ ಕಂಪ್ಯೂಟರ್ ಕಲತಾಕಿ ಅಂತ ನನ್ನ ಅದರ ಮುಂದ ಕುಂಡರಿಸಿದ್ರು. ಮೊದಲನೇ ದಿನ ಧೈರ್ಯ ಮಾಡಿ "ಹೀರಪ್ಪ" ಅಂತ ಬರದೆ. ಹಿಂದ ನಿಂತಿದ್ದ ಮೇಸ್ತ್ರಿ, "ತುಳಜಾ, ನಾ ಹೇಳಿದಂಗ ಬರಿ. ಅವ ಏನ್ ಊರ ಗೌಡನ?" ಅಂದ. ಎಲ್ಲಾರೂ ನಕ್ಕರು. ಅಳಿಸಿ ಹೀರ್ಯಾ ಅಂತ ಬರದೆ. ನನ್ನ ಕೈಲೆ ನಮ್ಮಪ್ಪನ ಹೆಸರು ಕತ್ತರಿಸಿದೆ ನೋಡ್ರಿ. ಆವತ್ತು ಊಟ ಸೇರಲಿಲ್ಲ.

ಮುಂದ ಒಂದಿನ ಸಸಿಗಳ ಪಟ್ಟಿಯಾಗ ಬ್ರ್ಯಾಕೆಟ್ ಹಾಕಿ ಇಂಗ್ಲಿಷಿನ ಸಿ ಒತ್ತಿದ್ರ, ಅದು ತಂತಾನ ವರ್ತುಳದೊಳಗಿನ ಸಿ ಆಗಾಕತ್ತಿತು. "ಇದರ ಹೆಣಾ ಎತ್ಲಿ!" ಅಂತ ಹುಡುಕಿಕೋತ ಹೋದೆ. ಆಟೋಕರೆಕ್ಟ್ ಅಂತ ಒಂದು ಪಟ್ಟಿ ಸಿಕ್ತು. ಎಡಕ್ಕ ನಾವು ಬರಿಯೂದು, ಬಲಕ್ಕ ಅದು ಏನಾಗಬೇಕೋ ಅದು. ಸಿ ಇದ್ದ ಸಾಲು ತಗದುಹಾಕಿದೆ. ಆಮ್ಯಾಲ ಕೈ ನಿಲ್ಲಲಿಲ್ಲ. ಎಡಕ್ಕ ಹೀರ್ಯಾ, ಬಲಕ್ಕ ಹೀರಪ್ಪ. ಅಪ್ಪನ ಜೋಡಿ ದುಡಿಯೂ ಆಳುಗಳದೂ ಹಂಗ: ಎಡಕ್ಕ ಲಗಮ್ಯಾ, ಬಲಕ್ಕ ಲಗಮಪ್ಪ. ಮಣಿ ಅಂದ್ರ ಮಣಿಬಾಯಿ. ಹಾಳಿಗೆ ಬಂದು ಹೀರ್ಯಾ ಬರದು ಸ್ಪೇಸ್ ಒತ್ತಿದೆ. ನಿದ್ದಿಯಾಗ ಮಗ್ಗಲು ಬದಲಿಸಿದಂಗ ಅಕ್ಷರ ಹೊರಳಿ ಹೀರಪ್ಪ ಆತು. ಮತ್ತ ಒತ್ತಿದೆ, ಮತ್ತ ಆತು. ಎಷ್ಟು ಹೊತ್ತು ಹಂಗ ಒತ್ತಿಕೋತ ಕುಂತಿದ್ದೆನೋ ನನಗ ಗೊತ್ತಿಲ್ಲ.

ಸೋಮವಾರ ಮೇಸ್ತ್ರಿ ಹೆಸರು ಹೇಳಿಕೋತ ಹೋದ, ನಾ ಹೇಳಿದಂಗ ಒತ್ತಿಕೋತ ಹೋದೆ. ಪ್ರಿಂಟ್ ನೋಡಿ ಹುಬ್ಬು ಏರಿಸಿದ.

"ಏನಿದು?"

"ನೀವು ಹೇಳಿದ್ದ ಒತ್ತೇನ್ರಿ. ಕಂಪ್ಯೂಟರ್ ತಿದ್ದೇತಿ."

ತಾನ ಕುಂತು ಒಂದ ಬೆರಳಲೆ ಒತ್ತಿ ನೋಡಿದ. ಹೀರಪ್ಪ. ಇನ್ನೊಮ್ಮೆ ಒತ್ತಿದ. ಹೀರಪ್ಪ. "ಅದ ತಿದ್ದತೈತಿ ಅಂದ್ರ ಖರೇ ಇರಬೇಕು ಬಿಡು" ಅಂತ ಹಾಳಿ ಹಿಡಕೊಂಡು ಹಾಜರಿ ಕೂಗಾಕ ಅಂಗಳಕ್ಕ ನಡದ.

ಆವಾಗ ನನಗ ನೆನಪಾತು. ನಮ್ಮಲ್ಲಿ ಮೂರು ಸಲ ಕೂಗಿದ್ರೂ ಓ ಅನ್ನದಿದ್ರ ಆ ವಾರದ ಕೆಲಸ ಬ್ಯಾರೇದವರಿಗೆ ಹೋಗತೈತಿ. ಮೂವತ್ತು ವರ್ಷ ಹೀರ್ಯಾ ಅನ್ನಿಸಿಕೊಂಡಾವಗ ಇದು ತನ್ನ ಹೆಸರು ಅಂತ ತಿಳೀತೈತೇನು? ಮೊದಲ ಹೇಳಿದ್ರ ಬ್ಯಾಡ ಅಂತಾನ ಅಂತ ನಾ ಹೇಳಿರಲಿಲ್ಲ. ಓಡಿ ಹೋಗೂದ್ರಾಗ ಮೇಸ್ತ್ರಿ ಸುರು ಮಾಡಿದ್ದ.

"ಹೀರಪ್ಪ!"

ಮಂಜಿನಾಗ ಅಪ್ಪ ಚೀಲ ಹಿಡಕೊಂಡು ನಿಂತಿದ್ದ. ಅಲ್ಲಾಡಲಿಲ್ಲ.

"ಹೀರಪ್ಪ!"

ಬಾಜೂಕ ನಿಂತಿದ್ದ ಮಣಿಬಾಯಿ ಮೊಣಕೈಲೆ ತಿವಿದಳು. ಊಹೂಂ.

"ಹೀರಪ್ಪ!"

"ಓ, ಇಲ್ಲೇ ಇದ್ದೇನ್ರಿ," ಅಂದ ಅಪ್ಪ.

ಹೋಗಿ ತೋಳು ಹಿಡದು ಜಗ್ಗಿದೆ. "ಕಿವುಡೇನು ನೀ? ನನ್ನ ಜೀವಾನ ಹೋಗಿತ್ತಲ್ಲೋ!"

"ಮೊದಲನೇ ಸಲಾನ ಕೇಳಿಸ್ತು ಯವ್ವಾ," ಅಂದ. "ಇನ್ನೆರಡು ಸಲ ಕರೀತಾನಲ್ಲ ಅಂತ ಸುಮ್ಮನ ನಿಂತಿದ್ದೆ."