ಬದನೆ ಬಣ್ಣದ ಸ್ವೆಟರ್ ಬಿಚ್ಚಿದ್ದು

ನಾನು ಸೊಲ್ಲಾಪುರದ ಬಟ್ಟೆ ವ್ಯಾಪಾರದ ಮನೆಯ ಮಗಳು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತೇನೆ. ಅದೇ ಕಾರಣಕ್ಕೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ, ಎಪ್ಪತ್ತರ ದಶಕದ ಆರಂಭದಲ್ಲಿ ಅಕ್ಕಲಕೋಟೆಯ ಒಬ್ಬ ಕಾಳಿನ ವ್ಯಾಪಾರಿಗೆ ಎರಡನೆಯ ಹೆಂಡತಿಯಾಗಿ ಹೋದೆ. ಅವರ ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷ ದಾಟಿತ್ತು. ಏಳು ವರ್ಷದ ಒಬ್ಬಳು ಮಗಳಿದ್ದಳು. ಮನೆಯಲ್ಲಿ ನಾವು ನಾಲ್ಕೇ ಜನ: ನನ್ನ ಗಂಡ, ಅತ್ತೆ, ಆ ಹುಡುಗಿ, ನಾನು. ಮುಂದೆ ಅಂಗಡಿ, ಹಿಂದೆ ಮನೆ. ಎಲ್ಲಿ ಕೂತರೂ ಜೋಳದ ಧೂಳಿನ ವಾಸನೆ.

ಹುಡುಗಿ ನನ್ನ ಜೊತೆ ಜಗಳ ಮಾಡಲಿಲ್ಲ, ಹಟ ಮಾಡಲಿಲ್ಲ. ಹಾಗೆ ಮಾಡಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು. ಊರಿಂದ ಬಂದ ನೆಂಟರ ಜೊತೆ ಮಾತಾಡುವ ಹಾಗೆ ನನ್ನ ಜೊತೆ ‘ರಿ’ ಹಚ್ಚಿ ಮಾತಾಡುತ್ತಿದ್ದಳು. ಅವ್ವ ಅನ್ನು ಎಂದು ಅತ್ತೆ ಎಷ್ಟು ಹೇಳಿದರೂ ಅನ್ನಲಿಲ್ಲ. ಚಿಕ್ಕಪ್ಪನ ಹೆಂಡತಿಯನ್ನು ಕರೆಯುವ ಹಾಗೆ ‘ಕಾಕು’ ಅಂದಳು.

ಮಳೆಗಾಲ ಮುಗಿದ ಮೇಲೆ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ತಳದಲ್ಲಿ ಒಂದು ಗಂಟು ಸಿಕ್ಕಿತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಅರ್ಧ ಸ್ವೆಟರ್, ಜೊತೆಗೆ ಉಳಿದ ದಾರದ ಎರಡು ಉಂಡೆ. ಬದನೆಕಾಯಿ ಬಣ್ಣದ ಉಣ್ಣೆ. ಬೆನ್ನಿನ ಭಾಗ ಮುಗಿದಿತ್ತು. ಎದೆಯ ಭಾಗ ಕಂಕುಳ ತನಕ ಬಂದು ನಿಂತಿತ್ತು. ಕುಣಿಕೆಗಳು ಇನ್ನೂ ಕಡ್ಡಿಯ ಮೇಲೆಯೇ ಇದ್ದವು, ಯಾರೋ ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದ ಹಾಗೆ. ನಾನು ಶಾಲೆಯಲ್ಲಿದ್ದಾಗ ಹೆಣಿಕೆ ಕಲಿತವಳು. ನೋಡಿದ ಕೂಡಲೇ ಗೊತ್ತಾಯಿತು, ಒಳ್ಳೆಯ ಕೈ. ಒಂದು ಕುಣಿಕೆ ಸಡಿಲಿಲ್ಲ, ಒಂದು ಬಿಗಿಯಿಲ್ಲ.

ಅತ್ತೆ ಬಾಗಿಲಿನಿಂದಲೇ ಹೇಳಿದರು, “ಅದನ್ನ ಅಲ್ಲೇ ಇಡು. ಅಕೀದದು.”

ಇಟ್ಟೆ. ಆದರೆ ಆಮೇಲೆ ಒಂದು ಮಧ್ಯಾಹ್ನ ನೋಡಿದೆ, ಹುಡುಗಿ ಟ್ರಂಕು ತೆಗೆದು ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬಿಚ್ಚಲಿಲ್ಲ, ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಕೂತು, ಇದ್ದ ಹಾಗೆಯೇ ಒಳಗಿಟ್ಟು ಆಡಲು ಹೋದಳು.

ಆ ವರ್ಷ ದೀಪಾವಳಿ ಕಳೆದ ಕೂಡಲೇ ಚಳಿ ಹಿಡಿಯಿತು. ಬೆಳಗಿನ ಶಾಲೆ. ಹುಡುಗಿಗೆ ಕೆಮ್ಮು. ನನ್ನ ಗಂಡ ಸೊಲ್ಲಾಪುರಕ್ಕೆ ಹೋದಾಗ ಒಂದು ಕೆಂಪು ಸ್ವೆಟರ್ ತಂದರು. ಹುಡುಗಿ ಅದನ್ನು ಮಡಿಚಿ ಗೂಟದ ಕೆಳಗೆ ಇಟ್ಟಳು, ತೊಡಲಿಲ್ಲ.

“ಯಾಕವ್ವ, ಸೇರಲಿಲ್ಲೇನು?” ಎಂದು ಕೇಳಿದೆ.

“ಚಲೋ ಅದರಿ. ಆದ್ರ ನನ್ನ ಸ್ವೆಟರ್ ಅವ್ವ ಮಾಡಾಕತ್ತಾಳ.”

ಮಾಡುತ್ತಿದ್ದಳು ಅನ್ನಲಿಲ್ಲ. ಮಾಡಾಕತ್ತಾಳ ಅಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಹಿಟ್ಟು ಹಾಗೆಯೇ ಉಳಿಯಿತು.

ರಾತ್ರಿ ಊಟಕ್ಕೆ ಬಡಿಸುವಾಗ ಗಂಡನನ್ನು ಕೇಳಿದೆ. ಆಗ ತಿಳಿಯಿತು. ಮೊದಲ ಹೆಂಡತಿಗೆ ಕಾಮಾಲೆ ಏರಿ ಸೊಲ್ಲಾಪುರದ ದವಾಖಾನೆಗೆ ಒಯ್ದಾಗ ಮಗುವನ್ನು ಮೈಂದರ್ಗಿಯ ಅಜ್ಜಿಯ ಮನೆಗೆ ಕಳಿಸಿದ್ದರಂತೆ. ಎಲ್ಲ ಕಾರ್ಯ ಮುಗಿದ ಮೇಲೆ ಕರೆತಂದರಂತೆ. ಅವ್ವ ದವಾಖಾನೆಯಲ್ಲಿ ಇದ್ದಾಳೆ ಎಂದು ಹೇಳಿದ್ದೇ ಕೊನೆ. ಅದರ ಮುಂದೆ ಯಾರೂ ಹೇಳಲಿಲ್ಲ, ಹುಡುಗಿ ಕೇಳಲೂ ಇಲ್ಲ.

ಮರುದಿನ ಅವಳು ಶಾಲೆಗೆ ಹೋದಾಗ ಆ ಸ್ವೆಟರಿನ ಬೆನ್ನನ್ನು ಅವಳ ಫ್ರಾಕಿನ ಮೇಲೆ ಹಾಸಿ ನೋಡಿದೆ. ಅಗಲಕ್ಕೂ ಸಾಲದು, ಉದ್ದಕ್ಕೂ ಸಾಲದು. ಅದು ನಾಲ್ಕು ವರ್ಷದ ಕೂಸಿನ ಅಳತೆ. ಮುಗಿಸಿದರೂ ಯಾರೂ ತೊಡಲಾರರು. ಅಂಚಿಗೆ ಹುಳು ಬೇರೆ ಹತ್ತಿತ್ತು. ಬಿಚ್ಚಿ, ಅದೇ ದಾರದಿಂದ ಈಗಿನ ಮೈಗೆ ಬೇರೆ ಹೆಣೆಯುವುದೊಂದೇ ದಾರಿ ಎಂದು ನನಗೆ ಅನಿಸಿತು.

ಅತ್ತೆಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. “ಹಡದಾಕಿ ಮಾಡಿಟ್ಟದ್ದು ಅದು. ಬಿಚ್ಚಾಕ ನಿನಗ ಮನಸರೆ ಹೆಂಗ ಬರ್ತದ?”

ಗಂಡ ಮಾತ್ರ ತಲೆ ಎತ್ತದೆ, “ಏನಾರ ಮಾಡು. ನನಗ ಕೇಳಬ್ಯಾಡ” ಅಂದು ಅಂಗಡಿಗೆ ಎದ್ದು ಹೋದರು.

ಎಳ್ಳ ಅಮಾವಾಸ್ಯೆಗೆ ಮೈಂದರ್ಗಿಯಿಂದ ಹುಡುಗಿಯ ಅಜ್ಜಿ, ಎಂದರೆ ತೀರಿಕೊಂಡವಳ ತಾಯಿ, ಬಸ್ಸಿನಲ್ಲಿ ಬಂದರು. ನನ್ನನ್ನು ಕಂಡರೆ ಅವರಿಗೆ ಸಿಟ್ಟಿರಲಿಲ್ಲ. ನನ್ನ ಮುಖವನ್ನು ಮಾತ್ರ ಪೂರ್ತಿ ನೋಡುತ್ತಿರಲಿಲ್ಲ. ಸಜ್ಜೆ ಕಡುಬು, ಭಜ್ಜಿಯ ಊಟ ಮುಗಿದು ಎಲ್ಲರೂ ಅಡ್ಡಾದ ಮೇಲೆ ಗಂಟನ್ನು ಅವರ ಮುಂದಿಟ್ಟು ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದೆ. ನೀವು ಬೇಡ ಅಂದರೆ ಮುಟ್ಟುವುದಿಲ್ಲ ಅಂದೆ.

ಮುದುಕಿ ಬಹಳ ಹೊತ್ತು ಆ ಕುಣಿಕೆಗಳ ಮೇಲೆ ಬೆರಳಾಡಿಸಿದರು. ಆಮೇಲೆ, “ಬಿಚ್ಚು ಮಗಳ. ಆದ್ರ ಮೊದಲ ಕೂಸಿಗಿ ಹೇಳೂಣು. ನಾನೇ ಹೇಳಬೇಕಾಗಿತ್ತು, ಬಾಯೇ ಬರಲಿಲ್ಲ” ಅಂದರು.

ಹುಡುಗಿಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. “ನಿಮ್ಮವ್ವ ಇನ್ನ ಬರಂಗಿಲ್ಲ ಕೂಸ. ದವಾಖಾನ್ಯಾಗ ತೀರಿಕೊಂಡ್ಲು.”

ಹುಡುಗಿ ಅಜ್ಜಿಯ ಸೆರಗಿನ ಅಂಚು ಸುತ್ತುತ್ತ, “ನನಗ ಗೊತ್ತದ. ಸಾಲ್ಯಾಗ ಹುಡಿಗ್ಯಾರು ಹೇಳ್ಯಾರ” ಅಂದಳು.

“ಗೊತ್ತಿದ್ದು ಮತ್ತ ಅವ್ವ ಮಾಡಾಕತ್ತಾಳ ಅಂತ ಯಾಕಂದಿ?” ಎಂದು ನಾನು ಕೇಳಿದೆ.

“ನೀವ್ಯಾರೂ ಹೇಳಿದ್ದಿಲ್ಲಲ್ಲ.”

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಳಗೆ ಮಲಗಿದ್ದ ಅತ್ತೆ ಮಗ್ಗಲು ಬದಲಿಸಿದ ಸದ್ದು ಕೇಳಿಸಿತು. ಎದ್ದು ಬರಲಿಲ್ಲ.

ಕಡ್ಡಿಯನ್ನು ಎಳೆದವರು ಮುದುಕಿಯೇ. ಕಡ್ಡಿ ಹೊರಬಂದ ಮೇಲೂ ಕುಣಿಕೆಗಳು ಬಾಯಿ ತೆರೆದು ಸಾಲಾಗಿ ನಿಂತಿದ್ದವು. ದಾರದ ತುದಿ ಹಿಡಿದು ನಾನು ಎಳೆಯತೊಡಗಿದೆ. ಬರಬರ ಎಂದು ಒಂದೊಂದೇ ಸಾಲು ಬಿಚ್ಚಿತು. ಹುಡುಗಿ ಎರಡೂ ಕೈ ಮುಂದೆ ಚಾಚಿದಳು, ಅವಳ ಕೈಗೆ ಲಡಿ ಸುತ್ತಿದೆವು. ಹುಳು ತಿಂದಲ್ಲೆಲ್ಲ ದಾರ ಹರಿಯಿತು. ಗಂಟು ಹಾಕುತ್ತ ಹೋದೆವು. ಎದೆಯ ಭಾಗದ ನಡುವೆ ಒಂದು ಕಡೆ ದಾರ ಹಿಡಿದು ನಿಂತಿತು. ನೋಡಿದರೆ ಕುಣಿಕೆಯಲ್ಲಿ ಒಂದು ಉದ್ದ ಕೂದಲು ಸಿಕ್ಕಿಕೊಂಡಿತ್ತು. ನನ್ನ ಕೂದಲು ಗುಂಗುರು, ಇದು ನೇರ. ಮುದುಕಿ ಅದನ್ನು ಮೆಲ್ಲಗೆ ಬಿಡಿಸಿ ಬೆರಳಿಗೆ ಸುತ್ತಿಕೊಂಡರು. ಅದನ್ನು ಏನು ಮಾಡಿದರೋ ನಾನು ಕೇಳಲಿಲ್ಲ.

ಬಿಚ್ಚಿದ ದಾರ ಸುರುಳಿ ಸುರುಳಿಯಾಗಿ ನಿಂತಿತ್ತು, ಹಳೆಯ ಹೆಣಿಕೆಯ ನೆನಪು ಬಿಡದ ಹಾಗೆ. ಲಡಿಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ತಂಬಿಗೆಯ ಭಾರ ಕಟ್ಟಿ ಹಿತ್ತಲ ಹಗ್ಗಕ್ಕೆ ತೂಗುಹಾಕಿದೆ. ಉಣ್ಣೆ ಬಿಟ್ಟ ಬಣ್ಣದ ನೀರು ಬಚ್ಚಲ ಕಲ್ಲಿನ ಮೇಲೆ ಹರಿಯಿತು. ಅತ್ತೆ ಅದನ್ನು ದಾಟದೆ ಸುತ್ತು ಹಾಕಿ ಹೋದರು.

ಗಂಟಿನಲ್ಲಿದ್ದ ಉಂಡೆಗಳನ್ನು ಸೇರಿಸಿದರೂ ಬೆನ್ನು, ಎದೆ ಮುಗಿಯುವಷ್ಟರಲ್ಲಿ ದಾರ ತೀರಿತು. ತೋಳುಗಳಿಗೆ ಬೇಕಾಗಿತ್ತು. ಹುಡುಗಿಯನ್ನು ಕರೆದುಕೊಂಡು ಸೊಲ್ಲಾಪುರದ ಬಸ್ಸು ಹತ್ತಿದೆ. ಅವಳು ಕಿಟಕಿಯ ಹತ್ತಿರ ಕೂತಳು. ಕುಂಭಾರಿಯಲ್ಲಿ ಜನ ಹತ್ತುತ್ತಿದ್ದಾಗ ತಿರುಗಿ ಕೇಳಿದಳು, “ಅವ್ವಗ ಇದ ದಾರೀಲೆ ಒಯ್ದಿದ್ರೇನ್ರಿ?”

“ಹೌದು. ಇದೊಂದ ದಾರಿ ಅದ.”

“ಆ ದವಾಖಾನಿ ನೋಡಬೇಕಾಗೇದರಿ.”

ಮೊದಲು ಅಲ್ಲಿಗೇ ಹೋದೆವು. ಗೇಟಿನ ಹೊರಗೆ ಬಾಳೆಹಣ್ಣಿನ ಗಾಡಿಗಳು, ಹೊದಿಕೆ ಹಾಸಿ ಕೂತ ಹಳ್ಳಿಯ ಜನ. ಒಳಗೆ ಉದ್ದ ಪಡಸಾಲೆ. ಹುಡುಗಿ ಗೇಟಿನ ಕಂಬಿ ಹಿಡಿದು ನಿಂತಳು.

“ಒಳಗ ಹೋಗೂಣೇನು?” ಎಂದು ಕೇಳಿದೆ.

“ಯಾವ ಖೋಲಿ ಅಂತ ನಿಮಗ ಗೊತ್ತದೇನ್ರಿ?”

“ಇಲ್ಲವ್ವ.”

“ಹಂಗಾದ್ರ ಬ್ಯಾಡ್ರಿ. ನಡೀರಿ.”

ಉಣ್ಣೆಯ ಅಂಗಡಿಯಲ್ಲಿ ನಾನು ಒಯ್ದಿದ್ದ ತುಂಡನ್ನು ಬೆಳಕಿಗೆ ಹಿಡಿದು ನೋಡಿದ ಮಾಲೀಕ, “ಹಾ ರಂಗ ಆತಾ ಯೇತ ನಾಹೀ, ಬಾಯಿ” ಅಂದ. ಆ ಬಣ್ಣ ಈಗ ಬರುವುದೇ ಇಲ್ಲವಂತೆ. ಹತ್ತಿರದ ಬಣ್ಣಗಳನ್ನೆಲ್ಲ ಹರಡಿದ. ಹುಡುಗಿ ಅವನ್ನು ಸರಿಸಿ ಬೂದಿ ಬಣ್ಣದ ಉಂಡೆ ಆರಿಸಿದಳು. ಹತ್ತಿರದ್ದು ಬೇಡ, ಬೇರೆಯೇ ಇರಲಿ ಎಂದು ಅವಳಿಗೆ ಅನಿಸಿರಬೇಕು.

ಸ್ವೆಟರ್ ಮುಗಿದಾಗ ಚಳಿ ಅರ್ಧ ಇಳಿದಿತ್ತು. ಬೆಳಿಗ್ಗೆ ತೊಡಿಸಿದೆ. ಹುಡುಗಿ ಪಾಟೀಚೀಲ ಹಾಕಿಕೊಂಡು ಅಂಗಡಿಯ ಮೂಲಕ ಹೊರಟಳು. ನಾನು ಒಳಬಾಗಿಲ ಮರೆಯಲ್ಲಿ ನಿಂತಿದ್ದೆ. ಗಿರಾಕಿಗೆ ತೊಗರಿ ತೂಗುತ್ತಿದ್ದ ನನ್ನ ಗಂಡ ತಕ್ಕಡಿ ಕೆಳಗಿಟ್ಟರು. ಮಗಳನ್ನು ಹತ್ತಿರ ಕರೆದು, ಸ್ವೆಟರಿನ ಎದೆಯ ಮೇಲೆ ಕೈಯಿಟ್ಟು ಹೇಳಿದರು.

“ನಿಮ್ಮವ್ವಗ ಈ ಬಣ್ಣ ಭಾಳ ಸೇರ್ತಿತ್ತು. ಲಗ್ನದಾಗೂ ಇದ ಬಣ್ಣದ ಸೀರಿನೇ ಬೇಕಂತ ಹಟಾ ಮಾಡಿದ್ಲು.”

ನಾನು ಆ ಮನೆಗೆ ಬಂದ ಮೇಲೆ ಅವರಾಗಿಯೇ ಅವಳ ಮಾತು ತೆಗೆದದ್ದು ಅದೇ ಮೊದಲು. ಹುಡುಗಿ, “ಮತ್ತ?” ಅಂದಳು. ಅವರು ಗಿರಾಕಿಯನ್ನು ಮರೆತು ಹೇಳುತ್ತ ಹೋದರು. ದನಿಯಲ್ಲಿ ನನಗೆ ಪರಿಚಯವಿಲ್ಲದ ಒಂದು ಮೆದುತನವಿತ್ತು.

ಅಂದಿನಿಂದ ಮನೆಯಲ್ಲಿ ತೀರಿಕೊಂಡವಳ ಮಾತು ನಿಲ್ಲಲಿಲ್ಲ. ಅವಳು ಮಾಡುತ್ತಿದ್ದ ಸಾರು, ಅವಳು ನಗುತ್ತಿದ್ದ ರೀತಿ, ಅವಳು ಕೂಡುತ್ತಿದ್ದ ಜಾಗ. ಅತ್ತೆಯೂ ಸೇರಿಕೊಂಡರು. ಅಪ್ಪ ಮಗಳು ಹತ್ತಿರವಾದರು, ಹುಡುಗಿ ನಗಲು ಕಲಿತಳು. ಅದನ್ನು ಕಂಡು ನನಗೆ ಸಮಾಧಾನವೇ ಆಯಿತು. ಆದರೂ ಊಟದ ಹೊತ್ತಿಗೆ ಮೂವರೂ ಅವಳ ನೆನಪು ತೆಗೆದು ಕೂತಾಗ, ಬಡಿಸುತ್ತಿದ್ದ ನಾನು ಯಾವುದಾದರೂ ನೆಪ ಮಾಡಿ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಆ ನೆನಪಿಗೆ ಬಾಗಿಲು ತೆಗೆದವಳು ನಾನೇ. ಯಾರಿಗೂ ದೂರುವಂತಿರಲಿಲ್ಲ.